ಮೆಟ್ಟಿಲ ಕೆಳಗೆ ನಿಂತವನು

ನನ್ನ ಭಾವ ಸಿಟಿ ಬಸ್ಸಿನ ಡ್ರೈವರು. ಮಾತು ಕಮ್ಮಿ, ಹಾರನ್ನು ಅದಕ್ಕಿಂತ ಕಮ್ಮಿ. ಅವರ ಬಸ್ಸಿನಲ್ಲಿ ನಿಂತುಕೊಂಡು ಬರುವವರು ಕಂಬಿ ಹಿಡಿಯಬೇಕಾಗಿಲ್ಲ ಎಂದು ಡಿಪೋದಲ್ಲಿ ಹೇಳುತ್ತಿದ್ದರು. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ನನಗೆ ಅದೇ ಊರಿನ ಪ್ರೆಸ್ಸೊಂದರಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿದ್ದರಿಂದ ಅವರ ಮನೆಯಲ್ಲೇ ಉಳಿದುಕೊಂಡೆ. ಬಂದ ವಾರವೇ ಭಾವ ನನಗೆ 'ವಕೀಲಮ್ಮ' ಎಂದು ಹೆಸರಿಟ್ಟರು. ಅವರು ಒಂದು ಹೇಳಿದರೆ ನಾನು ಎರಡು ಹೇಳುತ್ತಿದ್ದೆ. ಅದು ಅವರಿಗೆ ಇಷ್ಟವೂ ಆಗಿತ್ತು.

ಅವರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಒಂದು ಹುಚ್ಚು, ಅದೂ ಒಂದೇ ಒಂದು ಸಿನಿಮಾದ್ದು. ಹಳೆಯ ಕಪ್ಪು-ಬಿಳುಪು ಕೊಲೆಯ ಕಥೆ. ಬಂದರಿನ ಗೋದಾಮು, ಅಲ್ಲಿಗೊಬ್ಬ ಕಾವಲುಗಾರ, ಒಂದು ಬೀಗದ ಕೈ ಹುಡುಕಿಕೊಂಡು ಬರುವ ಹೆಂಗಸು. ಚಿಕ್ಕ ವಯಸ್ಸಿನಲ್ಲಿ ಭಾವ ಅದನ್ನು ಥಿಯೇಟರಿನಲ್ಲಿ ನೋಡಿದ್ದರಂತೆ. ಆ ಥಿಯೇಟರು ಈಗ ಟೈಲ್ಸಿನ ಅಂಗಡಿ. ಸಿನಿಮಾ ಮಾತ್ರ ಅವರ ತಲೆಯೊಳಗೆ ಇನ್ನೂ ಓಡುತ್ತಲೇ ಇತ್ತು. ನಮ್ಮ ಮನೆಯಲ್ಲಿ ಅದಕ್ಕೆ 'ಗೋದಾಮು' ಎಂದಷ್ಟೇ ಹೆಸರು.

ಮೊದಲು ಅದು ಅವರಿಗೆ ಸಿಕ್ಕಿದ್ದು ಕ್ಯಾಸೆಟ್ಟಿನಲ್ಲಿ. ಸವೆದುಹೋದ ಯಾವುದೋ ಪ್ರಿಂಟಿನಿಂದ ಎತ್ತಿದ್ದು. ಕತ್ತಲೆಲ್ಲ ಬೂದಿಯ ಬಣ್ಣ, ಮುಖಗಳ ಮೇಲೆ ಮಂಜು. ಎಷ್ಟೋ ವರ್ಷದ ಮೇಲೆ ಡಿಸ್ಕು ಬಂತು. ಅದರಲ್ಲಿ ಮಂಜು ಹೋಗಿತ್ತು, ಆದರೆ ಹೆಂಗಸಿನ ಮುಖ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿತ್ತು. ಅವಳು ಕೈಗವಸು ಸುಡುವ ಒಂದು ತುಣುಕೇ ಮಾಯವಾಗಿತ್ತು. ಭಾವ ಎರಡನ್ನೂ ಇಟ್ಟುಕೊಂಡು, ಒಂದರ ಬೆನ್ನಿಗೆ ಒಂದು ಹಾಕಿ, ಎಲ್ಲಿ ಏನು ಹೆಚ್ಚು ಏನು ಕಮ್ಮಿ ಎಂದು ಕೂದಲು ಸೀಳುತ್ತಿದ್ದರು. ವಾರದ ರಜೆಯ ದಿನ ಕ್ಯಾಸೆಟ್ ಅಣ್ಣನ ಅಂಗಡಿಗೆ ಹೋಗಿ ಅದನ್ನೇ ಮಾತಾಡುತ್ತಿದ್ದರು. ಅವನು ಹಳೆಯ ಸಿನಿಮಾ ಮಾರುವವನು. ಕ್ಯಾಸೆಟ್ಟಿನ ಕಾಲ ಮುಗಿದರೂ ಅವನ ಹೆಸರು ಬದಲಾಗಿರಲಿಲ್ಲ.

"ಕತ್ತಲು ಅಂದ್ರೆ ಬರೀ ಕಪ್ಪಲ್ಲ ವಕೀಲಮ್ಮ" ಎನ್ನುತ್ತಿದ್ದರು ಭಾವ. "ಅದರೊಳಗೂ ಮೇಲು ಕೆಳಗು ಇರುತ್ತೆ. ಇವರು ಪ್ರತಿ ಸಲ ಡಿಸ್ಕು ಮಾಡುವಾಗ ಒಂದೋ ಹೆಚ್ಚು ಬೆಳಕು ಹಾಕ್ತಾರೆ, ಇಲ್ಲ ಕಪ್ಪು ಬಳೀತಾರೆ."

ಅವರ ಪರೀಕ್ಷೆಗೆ ಒಂದು ದೃಶ್ಯವಿತ್ತು. ಹೆಂಗಸು ದೀಪ ಹಿಡಿದು ಗೋದಾಮಿನ ಮರದ ಮೆಟ್ಟಿಲು ಹತ್ತುತ್ತಾಳೆ. ಕೊಲೆಗಾರ ಆಗಲೇ ಅಲ್ಲಿದ್ದಾನೆ. ತೆರೆಯ ಎಡ ಅಂಚಿನಲ್ಲಿ, ಮೆಟ್ಟಿಲ ಕೆಳಗೆ, ಅಲ್ಲಾಡದೆ ನಿಂತಿದ್ದಾನೆ. ಕ್ಯಾಮೆರಾ ಅವನನ್ನು ತೋರಿಸುವುದೂ ಇಲ್ಲ, ಬಚ್ಚಿಡುವುದೂ ಇಲ್ಲ. ಟೋಪಿಯ ಅಂಚು, ಒಂದು ಭುಜ, ಅಷ್ಟೇ.

"ಅವನನ್ನ ನೇರ ನೋಡಬಾರದು. ಅವಳ ಮುಖ ನೋಡ್ತಾ ಇರಬೇಕು. ಅವನು ತಾನಾಗೇ ಕಣ್ಣಂಚಿಗೆ ಬರ್ತಾನೆ. ಆಗ ಬೆನ್ನು ತಣ್ಣಗಾಗುತ್ತೆ ನೋಡು" ಎಂದು ಅವರು ನನಗೆ ಹೇಳಿಕೊಟ್ಟಿದ್ದರು. ಹಾಗೇ ನೋಡಿದೆ. ನಿಜವಾಗಿಯೂ ತಣ್ಣಗಾಯಿತು.

ಕಳೆದ ವರ್ಷ ಮೂರನೆಯದು ಬಂತು. ಮೂಲ ನೆಗೆಟಿವ್ ಎಲ್ಲೋ ಸಿಕ್ಕಿ, ಒಂದೊಂದು ಚಿತ್ರವನ್ನೂ ತೊಳೆದು ಒರೆಸಿ ಮಾಡಿದ ಹೊಸ ಡಿಸ್ಕು. ಕ್ಯಾಸೆಟ್ ಅಣ್ಣ ತಾನೇ ಮನೆಗೆ ತಂದುಕೊಟ್ಟ. ರಜೆಯ ಮಧ್ಯಾಹ್ನ ಅಕ್ಕ ಹೊಲಿಗೆ ನಿಲ್ಲಿಸಿ, ಕಿಟಕಿಗೆ ಪರದೆ ಎಳೆದಳು. ನಾವು ಮೂವರೂ ಕುಳಿತೆವು.

ಎಂಥ ಚಂದದ ಚಿತ್ರ! ಗೋಡೆಯ ಇಟ್ಟಿಗೆಯ ಒರಟು, ಹೆಂಗಸಿನ ಕೋಟಿನ ಮೇಲಿನ ನೀರಹನಿ, ದೀಪದ ಹೊಗೆ, ಎಲ್ಲ ಕಾಣುತ್ತಿತ್ತು. ಮೆಟ್ಟಿಲ ದೃಶ್ಯ ಬಂದಾಗ ನಾನು ಅವಳ ಮುಖ ನೋಡುತ್ತ ಕುಳಿತೆ. ಎಡ ಅಂಚಿಗೆ ಅವನು ಬಂದ. ಟೋಪಿ, ಭುಜ, ಈ ಸಲ ಕೋಟಿನ ಜೇಬಿನಲ್ಲಿ ಅರ್ಧ ಹುದುಗಿದ ಕೈ ಕೂಡ. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು.

ಭಾವ ರಿಮೋಟು ಒತ್ತಿ ನಿಲ್ಲಿಸಿದರು.

"ತೆಗೆದುಬಿಟ್ಟಿದ್ದಾರೆ" ಎಂದರು.

"ಏನನ್ನ?"

"ಅವನನ್ನ. ತೊಳೆಯೋಕೆ ಹೋಗಿ ಅವನನ್ನೂ ತೊಳೆದುಬಿಟ್ಟಿದ್ದಾರೆ."

ನಾನು ನಕ್ಕೆ. ನನ್ನನ್ನು ಆಡಿಸುತ್ತಿದ್ದಾರೆ ಎಂದುಕೊಂಡೆ. "ಭಾವ, ಅಲ್ಲೇ ಇದಾನಲ್ಲ. ಕೈ ಕೂಡ ಕಾಣ್ತಿದೆ."

ಅವರು ಎದ್ದು ಟೀವಿಯ ಹತ್ತಿರ ಹೋಗಿ, ನಿಂತ ಚಿತ್ರವನ್ನು ಬಗ್ಗಿ ನೋಡಿದರು. "ಹೂಂ, ಇದಾನೆ" ಎಂದರು. ಹಿಂದಕ್ಕೆ ತಿರುಗಿಸಿ, ಕುರ್ಚಿಗೆ ಬಂದು ಕುಳಿತು ಮತ್ತೆ ಓಡಿಸಿದರು. ಹೆಂಗಸು ಮೆಟ್ಟಿಲು ಹತ್ತಿದಳು. "ಇಲ್ಲ. ಓಡುವಾಗ ಇಲ್ಲ. ನಿಲ್ಲಿಸಿದರೆ ಮಾತ್ರ ಇದಾನೆ."

ಅಕ್ಕ ನನ್ನ ಮುಖ ನೋಡಿದಳು. ನಮ್ಮಿಬ್ಬರಿಗೂ ಅವನು ಓಡುವಾಗಲೂ ಕಾಣುತ್ತಿದ್ದ.

ಅವತ್ತಿನಿಂದ ಮನೆಯಲ್ಲಿ ನೆಮ್ಮದಿ ಹೋಯಿತು. ಭಾವ ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮು ಬಿಚ್ಚುವ ಮುಂಚೆಯೇ ಆ ದೃಶ್ಯ ಹಾಕುತ್ತಿದ್ದರು. ಕೊನೆಗೊಂದು ಕಾರಣವನ್ನೂ ಕಂಡುಹಿಡಿದರು. ಡಿಸ್ಕಿನಲ್ಲಿ ಜಾಗ ಉಳಿಸಲು ಕಂಪನಿಯವರು ಕತ್ತಲಿನ ಭಾಗವನ್ನು ಅಮುಕಿಬಿಡುತ್ತಾರೆ, ಚಿತ್ರ ಓಡುವಾಗ ಆ ಭಾಗ ಸತ್ತುಹೋಗುತ್ತದೆ, ನಿಲ್ಲಿಸಿದಾಗ ಜೀವ ಬರುತ್ತದೆ. ಕೇಳಿದರೆ ಯಾರಿಗಾದರೂ ನಿಜವೆನ್ನಿಸಬೇಕು, ಹಾಗೆ ಹೇಳುತ್ತಿದ್ದರು. ಕ್ಯಾಸೆಟ್ ಅಣ್ಣನನ್ನು ಮನೆಗೇ ಕರೆಸಿದರು.

ಅವನು ನೋಡಿದ. ತಲೆ ಕೆರೆದುಕೊಂಡ. "ಸರ್, ನಂಗೆ ಕಾಣ್ತಾನೆ" ಎಂದ.

"ಅವನು ಅಲ್ಲಿ ಇರ್ತಾನೆ ಅಂತ ಗೊತ್ತಿರೋದಕ್ಕೆ ಕಾಣ್ತಾನೆ. ನಿಮಗೆಲ್ಲ ನೆನಪು ಕಾಣ್ತಿದೆ, ಚಿತ್ರ ಅಲ್ಲ."

"ಇರಬಹುದು ಸರ್" ಎಂದ ಅವನು, ಜಗಳ ಯಾಕೆಂದು. ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಕಿವಿಯ ಹತ್ತಿರ, "ನಿಮ್ ಭಾವಂಗೆ ರಜೆ ಬೇಕು ಅನ್ಸುತ್ತೆ. ತುಂಬ ದಣಿದಿದಾರೆ" ಎಂದ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ ಅವರದಲ್ಲ. ಅದೇ ನನಗೆ ಒಳಗೊಳಗೇ ಕೊರೆಯುತ್ತಿತ್ತು. ಆಮೇಲೆ ಬೇರೆ ಸಣ್ಣಪುಟ್ಟವೂ ಕಣ್ಣಿಗೆ ಬೀಳತೊಡಗಿದವು. ಊಟಕ್ಕೆ ಕುಳಿತಾಗ ಎಡಗೈಗೆ ನೀರಿನ ಲೋಟ ತಾಗಿ ಉರುಳುತ್ತಿತ್ತು. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಎಡ ಭುಜ ಬಡಿಯುತ್ತಿತ್ತು. "ಈ ಬಾಗಿಲು ಕಟ್ಟಿದವನಿಗೆ ಬುದ್ಧಿ ಇರಲಿಲ್ಲ" ಎನ್ನುತ್ತಿದ್ದರು. ಇಷ್ಟು ವರ್ಷ ಅದೇ ಬಾಗಿಲಲ್ಲಿ ಓಡಾಡಿದವರು. ಒಂದು ದಿನ ಅಕ್ಕ ಅವರ ಎಡಕ್ಕೆ ಬಂದು ಚಹಾ ಹಿಡಿದು ನಿಂತಿದ್ದಳು. ಅವರು ಪೇಪರು ಓದುತ್ತಲೇ, "ಇವಳೇ, ಚಹಾ ಎಲ್ಲಿ?" ಎಂದು ಒಳಗಿನವರನ್ನು ಕೂಗುವಂತೆ ಕೂಗಿದರು. ಅಕ್ಕ ಚಹಾ ಕೆಳಗಿಟ್ಟಳು.

"ರೀ, ಕಣ್ಣು ತೋರಿಸ್ಕೊಂಡು ಬನ್ನಿ" ಎಂದಳು.

"ಡಿಪೋದಲ್ಲಿ ಮೊನ್ನೆ ತಾನೇ ತಪಾಸಣೆ ಆಯ್ತಲ್ಲ. ಗೋಡೆಯ ಮೇಲಿನ ಅಕ್ಷರ ಕೊನೇ ಸಾಲಿನವರೆಗೂ ಓದಿದೆ. ನಂಗಿಂತ ಚಿಕ್ಕವರು ಮೂರನೇ ಸಾಲಿಗೇ ತಡವರಿಸ್ತಿದ್ರು. ಸರ್ಟಿಫಿಕೇಟು ಬೇಕಾದ್ರೆ ನೋಡು."

ಸರ್ಟಿಫಿಕೇಟು ನಿಜವೇ. ಪ್ರೆಸ್ಸಿನ ಕಾಗದದಲ್ಲಿನ ಸಣ್ಣ ಅಕ್ಷರವನ್ನು ಅವರು ನನಗಿಂತ ಮೊದಲು ಓದುತ್ತಿದ್ದರು. ಹಾಗಾಗಿ ನಾವು ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಒಂದು ಮಧ್ಯಾಹ್ನ ಪ್ರೆಸ್ಸಿನಲ್ಲಿ ಕರೆಂಟು ಹೋಗಿ ನಮ್ಮನ್ನು ಬೇಗ ಬಿಟ್ಟರು. ಸ್ಟಾಪಿಗೆ ಬಂದ ಬಸ್ಸು ಭಾವನದು. ಮುಂದಿನ ಸೀಟಿನಲ್ಲಿ ಕುಳಿತೆ. ಹಿಂದೆ ಅವರ ಕಂಡಕ್ಟರು. ಅವನನ್ನು ಎಲ್ಲರೂ ಕರೆಯುವುದು ಸೀಟಿ ಎಂದೇ. ಅವನು ಬಾಯಲ್ಲಿ ಹಾಕುವ ಸೀಟಿಗೆ ಮಲಗಿದವರೂ ಎದ್ದು ಕೂರುತ್ತಿದ್ದರು. ನನ್ನನ್ನು ಕಂಡು ಹತ್ತಿರ ಬಂದ.

"ನಿಮ್ ಭಾವಂಗೆ ಜನರ ಮೇಲೆ ಏನಾದ್ರೂ ಸಿಟ್ಟಾ? ಕೈ ಅಡ್ಡ ಹಿಡಿದು ನಿಂತವರನ್ನೂ ಬಿಟ್ಟು ಬರ್ತಾರೆ. ಬೈಸ್ಕೊಳ್ಳೋನು ನಾನು."

ನಾನು ಉತ್ತರ ಕೊಡುವಷ್ಟರಲ್ಲಿ ಬಸ್ಸು ಮರದ ದಿಮ್ಮಿಯ ಡಿಪೋ ಹತ್ತಿರದ ತಿರುವಿಗೆ ಬಂತು. ಎಡಗಡೆಯ ಕಲ್ಲಿನ ಅಂಚಿನಿಂದ ಒಬ್ಬ ಹೆಂಗಸು, ಎರಡೂ ಕೈಯಲ್ಲಿ ಚೀಲ, ರಸ್ತೆಗೆ ಇಳಿದು ನಿಂತಿದ್ದಳು. ಭಾವ ತಿರುಗಿಸುತ್ತಲೇ ಇದ್ದರು. ಬಸ್ಸಿನ ಮೂತಿ ಅವಳ ಕಡೆಗೇ ಹೋಗುತ್ತಿತ್ತು. ಅವರ ಮುಖ ಶಾಂತವಾಗಿತ್ತು. ಖಾಲಿ ರಸ್ತೆಯಲ್ಲಿ ಓಡಿಸುವವರ ಮುಖ.

"ಭಾವ, ನಿಲ್ಸಿ!"

ಬ್ರೇಕು ಬಿತ್ತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಹೆಂಗಸಿನ ಒಂದು ಚೀಲ ಬಸ್ಸಿನ ತಗಡಿಗೆ ಒರೆಸಿಕೊಂಡು ನೆಲಕ್ಕೆ ಬಿತ್ತು. ಅವಳಿಗೆ ಏನೂ ಆಗಲಿಲ್ಲ. ಸೀಟಿ ಇಳಿದು ಹೋಗಿ ಅವಳ ಬೈಗುಳ ಕೇಳಿಸಿಕೊಂಡು ಬಂದ.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಭಾವ ನನ್ನ ಕಡೆ ತಿರುಗಿದರು. "ಎಲ್ಲಿಂದ ನುಗ್ಗಿದಳು ಅವಳು?"

"ನುಗ್ಗಲಿಲ್ಲ ಭಾವ. ಆಗಿನಿಂದ ಅಲ್ಲೇ ನಿಂತಿದ್ದಳು. ನಿಮಗೆ ಎಡಗಡೆ ಏನೋ ಆಗಿದೆ. ದಯವಿಟ್ಟು ಡಾಕ್ಟರ ಹತ್ತಿರ ಹೋಗೋಣ."

"ಕಂಬದ ಮರೆಯಲ್ಲಿದ್ದಳು" ಎಂದರು. ಅಲ್ಲಿ ಕಂಬವಿರಲಿಲ್ಲ. ಅದನ್ನೂ ಹೇಳಿದೆ. ಅವರು ಸ್ಟೀರಿಂಗನ್ನು ಬಟ್ಟೆಯಿಂದ ಒರೆಸತೊಡಗಿದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅದರ ಮರುದಿನ ರಜೆ. ತಿಂಡಿ ಆದ ಮೇಲೆ ಅವರು ಅಟ್ಟದಿಂದ ಹಳೆಯ ಕ್ಯಾಸೆಟ್ ಪ್ಲೇಯರು ಇಳಿಸಿದರು. ಧೂಳು ಒರೆಸಿ, ವೈರು ಜೋಡಿಸಿ, ಮೊದಲಿನ ಕ್ಯಾಸೆಟ್ಟು ಹಾಕಿದರು. ಡಿಸ್ಕಿನ ಕಂಪನಿಯವರ ತಪ್ಪನ್ನು ನಮಗೆ ತೋರಿಸಿಕೊಡಬೇಕೆಂದೇ ಅವರ ಮನಸ್ಸಿನಲ್ಲಿತ್ತು. "ಇದರಲ್ಲಿ ಅಮುಕೋದು ಗಿಮುಕೋದು ಏನಿಲ್ಲ. ಮಂಜಿರಬಹುದು, ಆದರೆ ಇದ್ದದ್ದು ಇದ್ದ ಹಾಗೇ ಇದೆ. ಇದರಲ್ಲಿ ನಾನು ಅವನನ್ನ ನೂರು ಸಲ ನೋಡಿದೀನಿ. ಕೂತ್ಕೊಳ್ಳಿ."

ಕುಳಿತೆವು. ಪ್ಲೇಯರು ಗರಗರ ಎಂದಿತು. ಬೂದಿ ಬಣ್ಣದ ಗೋದಾಮು, ಬೂದಿ ಬಣ್ಣದ ಮೆಟ್ಟಿಲು. ಹೆಂಗಸು ದೀಪ ಹಿಡಿದು ಮೇಲೆ ಹೋದಳು. ಎಡ ಅಂಚಿನ ಮಂಜಿನಲ್ಲಿ ಟೋಪಿಯೊಂದು ಕಪ್ಪು ಕಲೆಯಂತೆ ನಿಂತಿತ್ತು. ನಾನು ಭಾವನ ಕಡೆ ನೋಡಿದೆ. ಅವರು ಹೆಂಗಸಿನ ಮುಖವನ್ನೇ ನೋಡುತ್ತಿದ್ದರು, ಹೇಗೆ ನೋಡಬೇಕೋ ಹಾಗೇ. ಅವಳು ಮೇಲೆ ತಲುಪಿದಳು, ಬಾಗಿಲು ತೆರೆದಳು, ದೃಶ್ಯ ಮುಗಿಯಿತು.

ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. ಮತ್ತೊಮ್ಮೆ. ಆಮೇಲೆ ಪ್ಲೇಯರು ಆರಿಸಿದರು.

"ಕ್ಯಾಸೆಟ್ಟು ಮಾಸಬಹುದು" ಎಂದರು ನಿಧಾನವಾಗಿ. "ಆದರೆ ಅದರೊಳಗಿನಿಂದ ಒಬ್ಬ ಮನುಷ್ಯ ಎದ್ದು ಹೋಗೋಕೆ ಆಗಲ್ಲ."

ಅವರಾಗಿಯೇ ಎದ್ದು, ಹೊಲಿಗೆ ಮಿಷನ್ನಿನ ಡಬ್ಬಿಯಿಂದ ಒಂದು ದೊಡ್ಡ ಬಿಳಿ ಗುಂಡಿ ಆರಿಸಿ ನನ್ನ ಕೈಗೆ ಕೊಟ್ಟರು. ಕಿಟಕಿಯ ಪರದೆ ಸರಿಸಿದರು. ಬೆಳಕು ಚೆನ್ನಾಗಿ ಬಂತು. ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಎದುರು ಗೋಡೆಯ ಕ್ಯಾಲೆಂಡರಿನ ಮೇಲೆ ಕಣ್ಣಿಟ್ಟರು.

"ನನ್ನ ಎಡಗಿವಿಯ ಹತ್ತಿರದಿಂದ ಗುಂಡೀನ ಮುಂದಕ್ಕೆ ತಗೊಂಡು ಬಾ. ನಿಧಾನಕ್ಕೆ. ಕಂಡ ತಕ್ಷಣ ಹೇಳ್ತೀನಿ."

ನಾನು ತಂದೆ. ಕಿವಿ ದಾಟಿತು. ಕೆನ್ನೆಯ ಮೂಳೆ ದಾಟಿತು. ಅವರು ಹೇಳಲಿಲ್ಲ. ಕಣ್ಣಿನ ಮುಂದಕ್ಕೇ ಬಂತು ಎನ್ನುವಾಗಲೂ ಅವರು ಕ್ಯಾಲೆಂಡರನ್ನು ನೋಡುತ್ತಲೇ, "ಯಾವಾಗ ಶುರು ಮಾಡ್ತೀಯ?" ಎಂದು ಕೇಳಿದರು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಶುರು ಮಾಡಿದೀನಿ ಭಾವ" ಎಂದೆ. ಗುಂಡಿ ಆಗ ಅವರ ಮೂಗಿನ ತುದಿಗೆ ಬಂದಿತ್ತು. "ಈಗ" ಎಂದರು ಅವರು. ಆಮೇಲೆ ಕಣ್ಣು ಮುಚ್ಚಿಕೊಂಡರು.

ಬಲಗಡೆಯೂ ನೋಡಿದೆವು. ಅಲ್ಲಿ ಬೇಗ ಕಂಡಿತು, ಆದರೆ ಇರಬೇಕಾದಷ್ಟು ಬೇಗ ಅಲ್ಲ.

ಮರುದಿನ ಬೆಳಿಗ್ಗೆ ಅವರಿಗೆ ಡ್ಯೂಟಿ ಇತ್ತು. ಎಂದಿನಂತೆ ಯೂನಿಫಾರ್ಮು ಹಾಕಿಕೊಂಡರು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ಡಿಪೋಗೆ."

"ಹೋಗಿ ಏನ್ ಮಾಡ್ತೀರಿ?"

"ಬದಲಿ ಡ್ರೈವರು ಇದಾನೋ ಇಲ್ವೋ ಗೊತ್ತಿಲ್ಲ. ಬಸ್ಸು ನಿಂತ್ರೆ ಜನಕ್ಕೆ ತೊಂದರೆ. ಇವತ್ತೊಂದು ದಿನ ನಿಧಾನವಾಗಿ..."

"ನಿಧಾನವಾಗಿ ಹೋದ್ರೆ ಸಾಯೋರು ನಿಧಾನವಾಗಿ ಸಾಯ್ತಾರಾ?"

ಅಕ್ಕ ಅಂಥ ಮಾತು ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಭಾವ ಅವಳ ಪಕ್ಕದಿಂದ ನುಸುಳಿ ಹೊರಟೇಬಿಟ್ಟರು. ನಾನು ಚಪ್ಪಲಿ ಮೆಟ್ಟಿ ಹಿಂದೆಯೇ ಓಡಿದೆ. ದಾರಿಯಲ್ಲಿ ಅವರು ಎಡಗಡೆಯ ಗೋಡೆಗಳ ಹತ್ತಿರ ಬಂದಾಗಲೆಲ್ಲ ತಲೆ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಇಲ್ಲದ ಎಡಗಡೆ ಅವರಿಗೆ ಅವತ್ತು ಮೊದಲ ಸಲ ಗೊತ್ತಾಗುತ್ತಿತ್ತು.

ಡಿಪೋದ ಅಂಗಳದಲ್ಲಿ ಅವರ ಬಸ್ಸು ನಿಂತಿತ್ತು. ಹತ್ತಿ ಕುಳಿತು ಚಾಲೂ ಮಾಡಿದರು. ಗೇಟಿನ ಹತ್ತಿರ ಜನ ಕಾಯುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತು ಹತ್ತಲೋ ಅವರನ್ನು ಕೆಳಗೆಳೆಯಲೋ ತಿಳಿಯದೆ ಕಂಬಿ ಹಿಡಿದುಕೊಂಡಿದ್ದೆ. ಸೀಟಿ ಬಸ್ಸಿನ ಮುಂದೆ ಎಡಗಡೆಗೆ ನಿಂತು, ಬಾ ಬಾ ಎಂದು ಕೈ ಬೀಸಿದ. ಭಾವ ಅವನು ನಿಂತ ಜಾಗವನ್ನು ನೇರ ನೋಡಿದರು. ನಂತರ ಕಣ್ಣನ್ನು ರಸ್ತೆಯ ಕಡೆ ತಂದರು. ಮತ್ತೆ ಸೀಟಿಯ ಕಡೆ. ಮತ್ತೆ ರಸ್ತೆಯ ಕಡೆ. ಹೀಗೆ ಎಷ್ಟೋ ಸಲ ನೋಡಿದರು.

ಇಂಜಿನ್ನು ಆರಿತು. ಅವರು ಇಳಿದು ಬಂದು ಕೀಲಿಯನ್ನು ಸೀಟಿಯ ಕೈಗೆ ಹಾಕಿದರು.

"ಏನಾಯ್ತಣ್ಣ?" ಎಂದ ಅವನು.

"ನಂಗೆ ಎಡಗಡೆ ಅನ್ನೋದೇ ಉಳಿದಿಲ್ಲಪ್ಪ. ರಸ್ತೆ ನೋಡಿದ್ರೆ ನೀನು ಇರಲ್ಲ."

ಡಿಪೋದ ಮ್ಯಾನೇಜರು ನಂಬಲಿಲ್ಲ. ತಪಾಸಣೆಯಲ್ಲಿ ಕೊನೆಯ ಸಾಲಿನವರೆಗೂ ಓದಿದವನಿಗೆ ಕಣ್ಣು ಕಾಣದೆ ಏನು, ಹೊಸ ರೂಟು ಹಾಕಿದ್ದಕ್ಕೆ ತಪ್ಪಿಸಿಕೊಳ್ಳುವ ಆಟ ಎಂದರು. ಆಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಭಾವ ವಾದಿಸಲಿಲ್ಲ. "ಹಾಗೇ ಅಂದ್ಕೊಳ್ಳಿ ಸರ್. ಆದರೆ ನಾನು ಓಡಿಸಲ್ಲ" ಎಂದು ಹೊರಗೆ ಬಂದರು.

ಕಣ್ಣಿನ ಆಸ್ಪತ್ರೆಯಲ್ಲಿ ಅವರ ಮುಖವನ್ನು ಒಂದು ಬಿಳಿ ಬೋಗುಣಿಯಂಥ ಯಂತ್ರದೊಳಗೆ ಇಡಿಸಿದರು. ಒಳಗೆ ಅಲ್ಲಲ್ಲಿ ಚುಕ್ಕೆಯಷ್ಟು ಬೆಳಕು ಮಿನುಗುತ್ತದೆ; ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಹೊರಗೆ ಕುಳಿತ ನಮಗೆ ಆ ಗುಂಡಿಯ ಟಿಕ್ ಸದ್ದು ಕೇಳುತ್ತಿತ್ತು. ಟಿಕ್, ಟಿಕ್. ಆಮೇಲೆ ಸದ್ದೇ ಇಲ್ಲ. ತುಂಬ ಹೊತ್ತು ಇಲ್ಲ. ಅಕ್ಕ ನನ್ನ ಬೆರಳುಗಳನ್ನು ಹಿಂಡುತ್ತಿದ್ದಳು. ಮತ್ತೆ ಟಿಕ್ ಎಂದಾಗ ಇಬ್ಬರೂ ಉಸಿರು ಬಿಟ್ಟೆವು.

ಡಾಕ್ಟರಮ್ಮ ವಯಸ್ಸಾದವರು, ಮಾತು ಮೆತ್ತಗೆ. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತ ಬಂದಿದೆ ಎಂದರು. "ಈ ಕಾಯಿಲೆ ನೋವು ಕೊಡಲ್ಲ. ಅಂಚಿನಿಂದ ತಿನ್ಕೊಂಡು ಬರುತ್ತೆ. ನಡುವಿನ ದೃಷ್ಟಿ ಚೆನ್ನಾಗೇ ಇರೋದ್ರಿಂದ ಅಕ್ಷರ ಓದಬಹುದು. ಹೋದ ಜಾಗದಲ್ಲಿ ಕತ್ತಲೂ ಕಾಣಲ್ಲ. ಅಕ್ಕಪಕ್ಕ ಇರೋದನ್ನೇ ಮನಸ್ಸು ಅಲ್ಲಿಗೂ ಎಳೆದು ಮುಚ್ಚುತ್ತೆ. ಅದಕ್ಕೇ ಯಾರಿಗೂ ಗೊತ್ತಾಗೋದಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಭಾವ ಸಿನಿಮಾದ ಸಂಗತಿ ಹೇಳಿದರು. ಡಾಕ್ಟರಮ್ಮ ನಗಲಿಲ್ಲ.

"ಹೋದದ್ದು ಬರುತ್ತಾ ಅಮ್ಮ?"

"ಬರಲ್ಲ. ಉಳಿದದ್ದನ್ನ ಉಳಿಸ್ಕೊಳ್ಳೋಣ. ದಿನಾ ಹನಿ ಹಾಕ್ಕೋಬೇಕು, ಒಂದು ದಿನವೂ ತಪ್ಪಿಸಬಾರದು." ಆಮೇಲೆ ಕೇಳಿದರು, "ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?"

ಇಲ್ಲ ಎನ್ನಲು ಬಾಯಿ ತೆರೆದ ಭಾವ ಹಾಗೇ ನಿಂತರು. ಅವರ ಅಪ್ಪ ಕೊನೆಗಾಲದಲ್ಲಿ ಬಾಗಿಲು, ಮಂಚ, ಮಕ್ಕಳು, ಎಲ್ಲಕ್ಕೂ ಡಿಕ್ಕಿ ಹೊಡೆಯುತ್ತಿದ್ದರಂತೆ. ಮನೆಯವರೆಲ್ಲ ಅವರನ್ನು 'ಗೂಳಿ' ಎಂದು ಕರೆದು ನಗುತ್ತಿದ್ದರಂತೆ. ಒಂದು ದಿನ ಹಿತ್ತಲ ಮೆಟ್ಟಿಲಿಂದ ಬಿದ್ದವರು ಮತ್ತೆ ಏಳಲಿಲ್ಲ.

ಕೆಲಸ ಹೋಗಲಿಲ್ಲ. ಆಸ್ಪತ್ರೆಯ ವರದಿ ನೋಡಿದ ಮೇಲೆ ಮ್ಯಾನೇಜರು ಸುಮ್ಮನಾದರು. ಭಾವನನ್ನು ಬಸ್ ನಿಲ್ದಾಣದ ಮೈಕಿನ ಕೋಣೆಗೆ ಹಾಕಿದರು. ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುವ ಕೆಲಸ. ಮಾತು ಕಮ್ಮಿಯಾದವರಿಗೆ ದಿನವಿಡೀ ಮಾತಾಡುವ ಶಿಕ್ಷೆ ಎಂದು ಸೀಟಿ ತಮಾಷೆ ಮಾಡಿದ. ಭಾವ ನಕ್ಕರು. ಆದರೆ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಅಕ್ಕ ಒತ್ತಾಯ ಮಾಡಿ ಕೇಳಿದಾಗ ಒಂದು ಸಂಜೆ ಬಾಯಿ ಬಿಟ್ಟರು.

"ಒಂದು ಸದ್ದು ಆಗಿತ್ತು."

ಕಳೆದ ಬೇಸಿಗೆಗೂ ಮೊದಲು, ಹಿಟ್ಟಿನ ಗಿರಣಿ ದಾಟಿದ ಮೇಲಿನ ಸ್ಟಾಪಿನ ಹತ್ತಿರ, ಬಸ್ಸಿನ ಎಡಗಡೆ ದಡ್ ಎಂದಿತ್ತಂತೆ. ಸೀಟಿಗೆ ಅವತ್ತು ರಜೆ, ಬದಲಿ ಕಂಡಕ್ಟರು. ಜನ ತುಂಬಿದ್ದರು. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ರಸ್ತೆಯ ಗುಂಡಿಗೆ ಚಕ್ರ ಇಳಿದಿರಬೇಕು ಎಂದುಕೊಂಡು ಬಂದುಬಿಟ್ಟಿದ್ದರು. "ಕನ್ನಡಿಯಲ್ಲಿ ಏನೂ ಇರಲಿಲ್ಲ ಅಂತ ಅವತ್ತು ಅಂದ್ಕೊಂಡೆ. ಈಗ ಹೇಗೆ ನಂಬಲಿ? ಯಾರನ್ನೋ ಕೆಡವಿ ಬಂದಿದೀನೋ ಏನೋ."

"ಯಾರಿಗಾದ್ರೂ ಏನಾದ್ರೂ ಆಗಿದ್ರೆ ಪೊಲೀಸರು ಬರ್ತಿರಲಿಲ್ವಾ?" ಎಂದಳು ಅಕ್ಕ.

"ಬರಬಹುದು, ಬರದೇನೂ ಇರಬಹುದು."

ಮುಂದಿನ ರಜೆಯ ದಿನ ನಾನು ಅವರ ಜೊತೆ ಹೋದೆ. ಅವರ ಎಡಕ್ಕೆ ನಾನು ನಡೆದೆ. ಗಿರಣಿಯವನನ್ನು ಕೇಳಿದೆವು, ಪಂಕ್ಚರ್ ಅಂಗಡಿಯವನನ್ನು ಕೇಳಿದೆವು. ಯಾರಿಗೂ ಏನೂ ನೆನಪಿಲ್ಲ. ಸ್ಟಾಪಿನ ತಗಡಿನ ಚಪ್ಪರದ ಹತ್ತಿರ ಬಂದಾಗ ಭಾವ ನಿಂತರು. ಮುಂದಿನ ಕಬ್ಬಿಣದ ಕಂಬ ಒಳಗಡೆಗೆ ಬಾಗಿತ್ತು. ಬಾಗಿದ ಜಾಗದಲ್ಲಿ ಬಸ್ಸಿನ ಬಣ್ಣ ಒಣಗಿ ಅಂಟಿತ್ತು, ನನ್ನ ಎದೆಯ ಮಟ್ಟಕ್ಕೆ.

ಕಂಬದ ಬುಡದಲ್ಲಿ ಬಾಚಣಿಗೆ, ಪಿನ್ನು, ಚಿಕ್ಕ ಕನ್ನಡಿ ಹರಡಿಕೊಂಡು ಒಬ್ಬ ಮುದುಕ ಕುಳಿತಿದ್ದ. "ಈ ಕಂಬಕ್ಕೆ ಏನಾಯ್ತು ತಾತ?" ಎಂದೆ.

"ಯಾವುದೋ ಬಸ್ಸು ಗುದ್ದಿಕೊಂಡು ಹೋಯ್ತು. ಯಾವನೋ ಕುರುಡ. ನಾನು ದಿನಾ ಇದಕ್ಕೇ ಒರಗಿ ಕೂರೋನು. ಅವತ್ತು ಚಹಾ ಕುಡಿಯೋಣ ಅಂತ ಎದ್ದಿದ್ದೆ. ಬಂದು ನೋಡ್ತೀನಿ, ನನ್ನ ಕನ್ನಡಿಗಳೆಲ್ಲ ಪುಡಿಪುಡಿ."

ಭಾವ ಕೈಮುಗಿದರು. "ಕುರುಡ ನಾನೇ" ಎಂದರು.

ಮುದುಕ ಅವರನ್ನು ಮೇಲಿಂದ ಕೆಳಗೆ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಅವನು ತನ್ನ ಗೋಣಿಚೀಲವನ್ನು ಸ್ವಲ್ಪ ಸರಿಸಿ, "ಕೂತ್ಕೊಳ್ಳಿ. ಮುಖ ಬೆವೆತಿದೆ" ಎಂದ. ಭಾವ ಬಹಳ ಹೊತ್ತು ಅಲ್ಲಿ ಕುಳಿತಿದ್ದರು. ಆ ಕಂಬಕ್ಕೆ ಮಾತ್ರ ಇಬ್ಬರೂ ಒರಗಲಿಲ್ಲ.

ಈಗ ಉಳಿದಿರುವುದು ಭಾವನ ತಮ್ಮನ ಚಿಂತೆ. ಅವನು ಊರಿಂದೂರಿಗೆ ಲಾರಿ ಓಡಿಸುವವನು. ಈ ಕಾಯಿಲೆ ರಕ್ತದಲ್ಲಿ ಬರುತ್ತದೆ, ಒಡಹುಟ್ಟಿದವರನ್ನು ತೋರಿಸಿ ಎಂದು ಡಾಕ್ಟರಮ್ಮ ಹೇಳಿದ್ದರು. ತಮ್ಮ ಮೊದಮೊದಲು ನಕ್ಕು ಗಾಳಿಗೆ ತೂರಿದ. "ಬರೋ ತಿಂಗಳು ಬರ್ತೀನಿ ಅಣ್ಣ" ಎಂದವನು ಬರುತ್ತಿರಲಿಲ್ಲ. ಕೊನೆಗೆ ಭಾವನೂ ಅಕ್ಕನೂ ಲಾರಿ ನಿಲ್ಲುವ ಜಾಗಕ್ಕೇ ಹೋಗಿ, ಚಕ್ರದ ಮುಂದೆ ಕುಳಿತುಬಿಟ್ಟರು. ಅವನು ಬೈದುಕೊಂಡೇ ಆಸ್ಪತ್ರೆಗೆ ಬಂದ. ಅವನ ಒಂದು ಕಣ್ಣಿನ ಅಂಚಿನಲ್ಲಿ ಕಾಯಿಲೆ ಕಾಲಿಟ್ಟಿತ್ತು. ಸದ್ಯಕ್ಕೆ ಓಡಿಸಬಹುದು, ಹನಿ ತಪ್ಪಿಸಬಾರದು ಎಂದರು. ಅವತ್ತು ಅವನು ನಗಲಿಲ್ಲ.

ದಿನವೂ ಸಂಜೆ ಭಾವ ಅವನಿಗೆ ಫೋನು ಮಾಡುತ್ತಾರೆ.

"ಹಾಕ್ಕೊಂಡ್ಯಾ?"

"ಹಾಕ್ಕೊಂಡೆ. ನೀನು?"

"ಹಾಕ್ಕೊಂಡೆ."

ಅಷ್ಟೇ ಮಾತು. ಮೊನ್ನೆ ಅವನು ಫೋನು ಎತ್ತಲಿಲ್ಲ. ಮತ್ತೆ ಮಾಡಿದರು. ಮತ್ತೆ. ಭಾವ ಫೋನು ಹಿಡಿದುಕೊಂಡು ಅಂಗಳದ ಈ ಗೋಡೆಯಿಂದ ಆ ಗೋಡೆಗೆ ನಡೆದರು. ಅಕ್ಕ ಮಿಷನ್ನು ತುಳಿಯುವುದನ್ನು ನಿಲ್ಲಿಸಿ, ಸೂಜಿ ಬಟ್ಟೆಯಲ್ಲಿ ಇಳಿದದ್ದನ್ನು ಹಾಗೇ ಬಿಟ್ಟು ಕುಳಿತಳು. ಹೊರಗೆ ದೊಡ್ಡ ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಪ್ರತಿ ಲಾರಿಯ ಸದ್ದಿಗೂ ಭಾವ ನಿಂತು, ಅದು ದಾಟಿಹೋಗುವವರೆಗೆ ಕೇಳಿ, ಮತ್ತೆ ನಡೆಯುತ್ತಿದ್ದರು.

ಕೊನೆಗೆ ಅವನೇ ಮಾಡಿದ. ಘಟ್ಟದಲ್ಲಿ ಸಿಗ್ನಲ್ ಇರಲಿಲ್ಲವಂತೆ.

"ಹಾಕ್ಕೊಂಡ್ಯಾ?" ಎಂದರು ಭಾವ.

"ಇಲ್ಲ ಅಣ್ಣ. ಘಟ್ಟ ಪೂರ್ತಿ ಇಳಿದ ಮೇಲೆ ಹಾಕ್ಕೋತೀನಿ."

"ಈಗಲೇ ನಿಲ್ಲಿಸಿ ಹಾಕ್ಕೊ. ನಾನು ಫೋನು ಇಡಲ್ಲ."

ಆ ಕಡೆ ಇಂಜಿನ್ನು ನಿಂತದ್ದು, ಹನಿಯ ಸೀಸೆಯ ಮುಚ್ಚಳ ತೆಗೆದದ್ದು ನಮಗೂ ಕೇಳಿಸಿತು.